ಕಚ್ಚಿಕೊಂಡ ಡಿಸ್ಕು

ಉಡುಪಿಯಿಂದ ಮಲ್ಪೆಯ ಬಂದರಿಗೆ ಇಳಿಯುವ ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ, ಇಪ್ಪತ್ತು ವರ್ಷ ದಾಟಿದ ಹೋಂಡಾ ಸಿಟಿ ಕಾರೊಂದನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮುಂಚಕ್ರಗಳನ್ನು ಕಳಚಿ, ಬ್ರೇಕಿನ ಡಿಸ್ಕುಗಳನ್ನು ಬಿಡಿಸುವ ಪ್ರಯತ್ನ ನಡೆದಿತ್ತು. ಡಿಸ್ಕುಗಳು ಸವೆದಿದ್ದವು, ಬಲಗಡೆಯ ಬೇರಿಂಗು ವೇಗ ಹೆಚ್ಚಿದಂತೆಲ್ಲ ಗುಂಯ್‌ಗುಡುತ್ತಿತ್ತಾದುದರಿಂದ ಆ ಬದಿಯ ಹಬ್ ಕೂಡ ಹೊರಬರಬೇಕಾಗಿತ್ತು. ಗ್ಯಾರೇಜಿನ ಯಜಮಾನರಾದ ಹಿರಿಯ ಮೇಸ್ತ್ರಿಗಳಿಗೂ, ಇಂಜಿನಿಯರಿಂಗ್ ಮುಗಿಸಿ ಅವರ ಜೊತೆಯಲ್ಲಿ ಕೆಲಸಕ್ಕೆ ನಿಂತ ಅವರ ಸೋದರಳಿಯನಿಗೂ ನಡೆದ, ನಾನು ಪಕ್ಕದಲ್ಲಿದ್ದು ಕೇಳಿದ ಸಂಭಾಷಣೆಯಿದು. ಕ್ಯಾಲಿಪರನ್ನು ಬಿಚ್ಚಿ, ಅದರ ಭಾರವು ರಬ್ಬರಿನ ನಳಿಕೆಯ ಮೇಲೆ ಬೀಳದಂತೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗಹಾಕಿದ್ದರು. ಡಿಸ್ಕಿನ ಮುಖದಲ್ಲಿ ಎರಡು ಚಿಕ್ಕ ಸ್ಕ್ರೂಗಳು ಮಾತ್ರ ಉಳಿದಿದ್ದವು.

ಯುವಕ: ಮಾವ, ಈ ಎರಡು ಸ್ಕ್ರೂಗಳ ಮುಂದೆ ಇಷ್ಟು ಹೊತ್ತು ಕುಳಿತಿರುವುದು ನನಗೆ ಸಮಂಜಸವೆಂದು ತೋರುವುದಿಲ್ಲ. ಚಕ್ರದ ನಾಲ್ಕು ನಟ್ಟುಗಳನ್ನು ಬಿಗಿದೊಡನೆ ಡಿಸ್ಕು ಹಬ್‌ಗೂ ರಿಮ್ಮಿಗೂ ನಡುವೆ ಭದ್ರವಾಗಿ ಕುಳಿತುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಜೋಡಿಸುವಾಗ ಅದು ಜಾರಿ ಬೀಳದಿರಲೆಂದು ಹಾಕಿದ ಸ್ಕ್ರೂಗಳಿವು. ಡ್ರಿಲ್ಲಿನಿಂದ ತಲೆಗಳನ್ನು ಕೊರೆದು ಹಾಕಿದರೆ ಯಾರಿಗೆ ಏನು ನಷ್ಟ?

ಹಿರಿಯರು: ನಷ್ಟವಿಲ್ಲ. ಕೊರೆಯುವುದಕ್ಕೆ ನಾನು ವಿರೋಧಿಯೂ ಅಲ್ಲ. ಆದರೆ ಬಿಚ್ಚುವುದಕ್ಕೆ ಮಾಡಿದ ವಸ್ತುವನ್ನು ಬಿಚ್ಚಿ ನೋಡುವ ಮೊದಲೇ ಕೊರೆಯುವ ಅಭ್ಯಾಸವು ಕೈಗೆ ಅಂಟಿಕೊಂಡಿತೆಂದರೆ, ಕೊರೆಯಬಾರದ ಕಡೆಯಲ್ಲಿಯೂ ಕೈ ಅದನ್ನೇ ಮಾಡುತ್ತದೆ. ಈ ಸ್ಕ್ರೂವಿನ ತಲೆಯಲ್ಲಿರುವ ಶಿಲುಬೆಯಾಕಾರದ ಗುಳಿ ಜಪಾನೀ ಅಳತೆಯದು. ನಮ್ಮ ಪೆಟ್ಟಿಗೆಯಲ್ಲಿರುವ ಸಾಧಾರಣ ಫಿಲಿಪ್ಸ್ ಸ್ಕ್ರೂಡ್ರೈವರನ್ನು ಅದರಲ್ಲಿಟ್ಟು ತಿರುಗಿಸಿದರೆ ತುದಿಯು ಮೇಲಕ್ಕೆ ಜಾರಿ ಗುಳಿಯ ಅಂಚನ್ನು ತಿಂದುಹಾಕುತ್ತದೆ, ಅನಂತರ ಸ್ಕ್ರೂ ಜಾಮ್ ಆಗಿದೆಯೆಂದು ಎಲ್ಲರೂ ಅದನ್ನೇ ದೂರುತ್ತಾರೆ. ಅಳತೆಗೆ ಸರಿಯಾದ ತುದಿಯನ್ನು ಇಂಪ್ಯಾಕ್ಟ್ ಡ್ರೈವರಿಗೆ ಸಿಕ್ಕಿಸಿ ಹಿಂಬದಿಯಿಂದ ಸುತ್ತಿಗೆಯ ಏಟು ಕೊಟ್ಟರೆ, ಆ ಏಟು ತುದಿಯನ್ನು ಗುಳಿಯೊಳಕ್ಕೆ ಒತ್ತಿ ಹಿಡಿಯುತ್ತಲೇ ತಿರುಗಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಡ್ರಿಲ್ಲು ಇದ್ದೇ ಇದೆ.

ಒಂದು ಸ್ಕ್ರೂ ಹಾಗೆಯೇ ಬಂದಿತು. ಇನ್ನೊಂದರ ಗುಳಿಯನ್ನು ಹಿಂದೆ ಯಾರೋ ಕೆಡಿಸಿಟ್ಟಿದ್ದುದರಿಂದ ಅದನ್ನು ಕೊರೆಯಬೇಕಾಯಿತು. ಹೀಗೆ ಇಬ್ಬರ ಮಾತೂ ಅರ್ಧರ್ಧ ಸಲ್ಲಿತು. ಆದರೆ ಸ್ಕ್ರೂಗಳೆರಡೂ ಹೋದ ಮೇಲೆಯೂ ಡಿಸ್ಕು ಕೂದಲೆಳೆಯಷ್ಟೂ ಅಲುಗಲಿಲ್ಲ.

ಯುವಕ: ನೋಡಿದಿರಾ? ಇದನ್ನು ಹಿಡಿದಿರುವುದು ಸ್ಕ್ರೂ ಅಲ್ಲ, ತುಕ್ಕು. ಹಬ್‌ನ ನಡುವಿನ ಉಬ್ಬಿದ ಬಳೆಯ ಮೇಲೆ ಡಿಸ್ಕಿನ ರಂಧ್ರವು ಬಹಳ ಸೂಕ್ಷ್ಮವಾದ ಎಡೆಯನ್ನು ಮಾತ್ರ ಬಿಟ್ಟು ಕೂರುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿನ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುವುದರಿಂದ, ಆ ಎಡೆಯೊಳಗೆ ಹುಟ್ಟಿದ ತುಕ್ಕು ಹೊರಕ್ಕೆ ಹೋಗಲು ದಾರಿಯಿಲ್ಲದೆ ಎರಡು ಲೋಹಗಳ ನಡುವೆ ಬೆಣೆಯಾಗಿ ನಿಲ್ಲುತ್ತದೆ.

ಹಿರಿಯರು: ಅದರ ಜೊತೆಗೆ ಈ ಊರಿನ ಉಪ್ಪನ್ನೂ ಸೇರಿಸಿಕೋ. ಮಳೆಯೇ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು; ಮಳೆಯಿಲ್ಲದ ತಿಂಗಳುಗಳಲ್ಲಿ ಕಡಲ ಗಾಳಿ; ಇವೆರಡೂ ಸಾಲದೆಂಬಂತೆ ಬಂದರಿನಿಂದ ಹೊರಟ ಮೀನಿನ ಲಾರಿಗಳು ಹೆದ್ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ಉಪ್ಪುನೀರು. ಆ ಲಾರಿಯ ಹಿಂದೆ ಹೋದ ಕಾರಿನ ಮುಂಚಕ್ರಕ್ಕೆ ಆ ನೀರಿನಿಂದ ಅಭಿಷೇಕವಾಗುತ್ತದೆ. ಘಟ್ಟದ ಮೇಲಿನ ಊರುಗಳಲ್ಲಿ ಅಷ್ಟೇ ವಯಸ್ಸಿನ ಕಾರಿನ ಡಿಸ್ಕು ಎರಡು ಏಟಿಗೆ ಕೈಗೆ ಬರುವುದನ್ನು ನಾನು ನೋಡಿದ್ದೇನೆ. ಇಲ್ಲಿಯದನ್ನು ಅಲ್ಲಿಯ ಹದದಿಂದ ಅಳೆಯಬಾರದು.

ಹೀಗೆಂದು ಅವರು ತುಕ್ಕು ಬಿಡಿಸುವ ಎಣ್ಣೆಯನ್ನು ಬಳೆಯ ಸುತ್ತಲಿನ ಸಂದಿಗೂ ಚಕ್ರದ ಸ್ಟಡ್ಡುಗಳ ಬುಡಕ್ಕೂ ಬಿಟ್ಟು, ಡಿಸ್ಕಿನ ಟೊಪ್ಪಿಯಂತಹ ಮಧ್ಯಭಾಗದಲ್ಲಿ, ಸ್ಟಡ್ಡುಗಳ ನಡುವೆ, ಸುತ್ತಿಗೆಯಿಂದ ಮಿತವಾಗಿ ತಟ್ಟತೊಡಗಿದರು. ಎರಡು ಏಟಿಗೊಮ್ಮೆ ಡಿಸ್ಕನ್ನು ಸ್ವಲ್ಪ ತಿರುಗಿಸುತ್ತಿದ್ದರು.

ಯುವಕ: ಕ್ಷಮಿಸಬೇಕು ಮಾವ, ಈ ಸುತ್ತಿಗೆಯ ವಿಷಯದಲ್ಲಿ ನನಗೆ ನಿಜವಾದ ಆಕ್ಷೇಪಣೆಯಿದೆ. ನೀವು ಹೊಡೆದ ಏಟು ಡಿಸ್ಕಿನಲ್ಲಿಯೇ ಮುಗಿಯುವುದಿಲ್ಲ. ಅದು ಹಬ್‌ಗೆ ದಾಟಿ, ಹಬ್‌ನಿಂದ ಬೇರಿಂಗಿನ ಗುಂಡುಗಳಿಗೆ ದಾಟುತ್ತದೆ. ಸ್ವೀಡನ್ನಿನ ಬ್ರಿನೆಲ್ ಎಂಬ ಲೋಹತಜ್ಞನು 1900ರಲ್ಲಿ, ಗಟ್ಟಿಯಾದ ಗುಂಡನ್ನು ಲೋಹದ ಮೇಲೆ ಒತ್ತಿ, ಅಲ್ಲಿ ಬಿದ್ದ ತಗ್ಗಿನ ಅಗಲದಿಂದ ಆ ಲೋಹದ ಕಾಠಿಣ್ಯವನ್ನು ಅಳೆಯುವ ಕ್ರಮವನ್ನು ಲೋಕಕ್ಕೆ ತೋರಿಸಿಕೊಟ್ಟನು. ಸುತ್ತಿಗೆಯಿಂದ ಹೊಡೆಯುವ ಪ್ರತಿಯೊಬ್ಬನೂ ಬೇರಿಂಗಿನೊಳಗೆ ಅದೇ ಪರೀಕ್ಷೆಯನ್ನು, ಯಾರೂ ಕೇಳದೆಯೇ, ನಡೆಸುತ್ತಿದ್ದಾನೆ. ಗುಂಡುಗಳು ಓಡುವ ಓಣಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬಿದ್ದರೆ, ಇವತ್ತು ಮೌನವಾಗಿರುವ ಬೇರಿಂಗು ಬರುವ ಮಳೆಗಾಲದ ಹೊತ್ತಿಗೆ ಗುಂಯ್‌ಗುಡಲು ತೊಡಗುತ್ತದೆ.

ಹಿರಿಯರು: ಈ ಬದಿಯ ಬೇರಿಂಗು ಹೇಗೂ ಹೋಗುವುದೇ ತಾನೆ?

ಯುವಕ: ಈ ಬದಿಯದು ಹೌದು, ಎಡಬದಿಯದಕ್ಕೆ ಏನೂ ಆಗಿಲ್ಲ. ಅದನ್ನೂ ನೀವು ಹೀಗೆಯೇ ತಟ್ಟುವಿರಲ್ಲವೆ?

ಹಿರಿಯರು: ತಟ್ಟುತ್ತೇನೆ, ಆದರೆ ತಟ್ಟುವುದಕ್ಕೂ ಬಡಿಯುವುದಕ್ಕೂ ಅಂತರವಿದೆ ಎಂಬುದನ್ನು ನಿನ್ನ ಕೈಗೆ ಇನ್ನೂ ಯಾರೂ ಕಲಿಸಿಲ್ಲ. ಡಿಸ್ಕನ್ನು ಕೀಳುವುದಕ್ಕೋಸ್ಕರ ನಾನು ಹೊಡೆಯುತ್ತಿಲ್ಲ, ತುಕ್ಕಿನಲ್ಲಿ ಬಿರುಕು ಹುಟ್ಟಿಸುವುದಕ್ಕೋಸ್ಕರ ಹೊಡೆಯುತ್ತಿದ್ದೇನೆ. ತುಕ್ಕು ಪೆಡಸಾದ ಪದಾರ್ಥ. ಕಂಪನಕ್ಕೆ ಅದು ಸೀಳುತ್ತದೆ, ಸೀಳಿದ ದಾರಿಯಲ್ಲಿ ಎಣ್ಣೆ ಇಳಿಯುತ್ತದೆ. ಹಾಗಲ್ಲದೆ ಎಷ್ಟು ಎಣ್ಣೆ ಸುರಿದರೂ ಅದು ಮೇಲಿನಿಂದ ಮೇಲೆಯೇ ಹರಿದುಹೋಗುತ್ತದೆ. ಕಿವಿಗೊಟ್ಟು ಕೇಳು: ಈಗ ಬರುತ್ತಿರುವುದು ಮಂಕಾದ ಸದ್ದು, ಡಿಸ್ಕೂ ಹಬ್ಬೂ ಒಂದೇ ಗಡ್ಡೆಯಾಗಿದೆಯೆಂಬುದಕ್ಕೆ ಸಾಕ್ಷಿ. ಅಂಟು ಬಿಟ್ಟ ಕ್ಷಣವೇ ಸದ್ದು ಬದಲಾಗುತ್ತದೆ, ಬೀಡು ತನ್ನ ಸ್ವಂತ ದನಿಯಲ್ಲಿ ಮೊಳಗುತ್ತದೆ.

ಯುವಕ: ಬೀಡೆಂದು ನೀವೇ ಹೇಳಿದಿರಿ. ಡಿಸ್ಕು ಎರಕ ಹೊಯ್ದ ಬೀಡು ಕಬ್ಬಿಣ. ಒತ್ತಡವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನೂ ಏಟನ್ನೂ ತಾಳುವುದಿಲ್ಲ. ಅಂಚಿಗೆ ಒಂದು ಜೋರಾದ ಏಟು ಬಿದ್ದರೆ ಒಡೆಯುತ್ತದೆ. ಆದುದರಿಂದಲೇ ಡಿಸ್ಕಿನ ಮುಖದಲ್ಲಿ ಎಂಟು ಮಿಲಿಮೀಟರಿನ ಬೋಲ್ಟಿಗೆ ತಕ್ಕ ತಿರುಪಿನ ಮರೆಯಿರುವ ಈ ಎರಡು ರಂಧ್ರಗಳನ್ನು ಕೊಟ್ಟಿದ್ದಾರೆ. ಬೋಲ್ಟುಗಳನ್ನು ಇವುಗಳಲ್ಲಿ ತಿರುಗಿಸುತ್ತ ಹೋದರೆ ಅವುಗಳ ತುದಿಗಳು ಹಬ್‌ಗೆ ತಾಗಿ, ಡಿಸ್ಕನ್ನು ಹೊರಕ್ಕೆ ದಬ್ಬುತ್ತವೆ. ಲೆಕ್ಕ ಮಾಡಿ ನೋಡಿ: ಎಂಟು ಮಿಲಿಮೀಟರಿನ ಬೋಲ್ಟನ್ನು ಇಪ್ಪತ್ತು ನ್ಯೂಟನ್ ಮೀಟರಿನಷ್ಟು, ಎಂದರೆ ಸಾಧಾರಣ ಸ್ಪ್ಯಾನರಿನಿಂದ ಆಯಾಸವಿಲ್ಲದೆ ಬಿಗಿಯುವಷ್ಟು ತಿರುಗಿಸಿದರೆ, ಅದರ ತುದಿಯಲ್ಲಿ ಸುಮಾರು ಒಂದೂಕಾಲು ಟನ್ನಿನ ಒತ್ತಡ ಹುಟ್ಟುತ್ತದೆ. ಎರಡು ಬೋಲ್ಟಿಗೆ ಎರಡೂವರೆ ಟನ್ನು. ಅದೂ ಬೇಕಾದ ದಿಕ್ಕಿಗೆ ಮಾತ್ರ, ಬೇರಿಂಗಿಗೆ ಒಂದು ಏಟೂ ಬೀಳದೆ.

ಈ ಲೆಕ್ಕವು ಹಿರಿಯರಿಗೆ ಹಿಡಿಸಿತೆಂಬುದನ್ನು ನಾನು ಅವರ ಮುಖದಲ್ಲಿ ಕಂಡೆನು. ಬೋಲ್ಟಿನ ಉಪಯೋಗವನ್ನು ಅವರು ತಿಳಿಯದವರೇನಲ್ಲ. ತಿಳಿದ ಸಂಗತಿಯನ್ನು ಬೇರೊಬ್ಬನು ಅಂಕೆಯಿಟ್ಟು ಹೇಳಿದಾಗ ಹುಟ್ಟುವ ಸಂತೋಷ ಅದು.

ಹಿರಿಯರು: ಒಳ್ಳೆಯದು, ಬೋಲ್ಟನ್ನೇ ಹಾಕೋಣ. ಆದರೆ ನಿನ್ನ ಲೆಕ್ಕದಲ್ಲಿ ಮರೆ ಶುಭ್ರವಾಗಿದೆ. ಇಲ್ಲಿ ನೋಡು, ಇಪ್ಪತ್ತು ವರ್ಷದಿಂದ ತೆರೆದುಕೊಂಡಿದ್ದ ರಂಧ್ರದಲ್ಲಿ ತುಕ್ಕೂ ಬ್ರೇಕಿನ ಹುಡಿಯೂ ಗಟ್ಟಿಯಾಗಿ ಕೂತಿವೆ. ಮೊದಲು ಟ್ಯಾಪು ಓಡಿಸಿ ಮರೆಯನ್ನು ಶುಚಿಮಾಡು. ಅಲ್ಲಿಂದ ಉದುರುವ ಹುಡಿಯನ್ನು ಬಾಯಿಂದ ಊದಬೇಡ, ಹಳೆಯ ಬ್ರೇಕುಗಳ ಲೈನಿಂಗಿನಲ್ಲಿ ಕಲ್ನಾರು ಬಳಸುತ್ತಿದ್ದರು. ಒದ್ದೆ ಬಟ್ಟೆಯಿಂದ ಒರಸು. ಡಬ್ಬಿಯಲ್ಲಿ ಸಿಕ್ಕಿದ ಮೆದು ಬೋಲ್ಟನ್ನು ತೆಗೆದುಕೊಳ್ಳಬೇಡ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಗಟ್ಟಿಯದನ್ನು ಆರಿಸಿ, ಮರೆಗೆ ಗ್ರೀಸು ಹಚ್ಚು. ಅನಂತರ ಒಂದನ್ನು ಕಾಲು ಸುತ್ತು, ಇನ್ನೊಂದನ್ನು ಕಾಲು ಸುತ್ತು. ದೋಣಿಯನ್ನು ದಡಕ್ಕೆ ಎಳೆಯುವಾಗ ಎರಡು ಬದಿಯ ಹಗ್ಗವನ್ನೂ ಸಮನಾಗಿ ಎಳೆಯಬೇಕಲ್ಲವೆ? ಒಂದೇ ಬದಿಯವರು ಬಲ ತೋರಿಸಿದರೆ ಮೂತಿ ಓರೆಯಾಗಿ ದೋಣಿ ಮರಳಿನಲ್ಲಿ ಹೂತುಕೊಳ್ಳುತ್ತದೆ. ಡಿಸ್ಕು ಓರೆಯಾದರೂ ಹಾಗೆಯೇ.

ಯುವಕನು ಹಾಗೆಯೇ ಮಾಡಿದನು. ಬೋಲ್ಟುಗಳು ಬಿಗಿಯಾದವು, ಇನ್ನು ತಿರುಗಲಾರೆವೆಂಬಷ್ಟು ಬಿಗಿಯಾದವು. ಡಿಸ್ಕು ಬರಲಿಲ್ಲ.

ಯುವಕ: ಇಲ್ಲಿಗೆ ನ್ಯಾಯವಾದ ಪ್ರಯತ್ನ ಮುಗಿಯಿತು. ಗ್ರೈಂಡರಿನಿಂದ ಡಿಸ್ಕನ್ನು ಎರಡು ಕಡೆ ಸೀಳಿ, ಸೀಳಿನಲ್ಲಿ ಉಳಿಯಿಟ್ಟು ಅಗಲಿಸಿದರೆ ಬೀಡು ತಾನೇ ಬಿಚ್ಚಿಕೊಳ್ಳುತ್ತದೆ. ಸವೆದ ಡಿಸ್ಕು ಹೇಗೂ ಗುಜರಿಗೆ ಹೋಗತಕ್ಕದ್ದು. ಅದಕ್ಕೆ ಇನ್ನಷ್ಟು ಮರ್ಯಾದೆಯನ್ನು ಯಾಕೆ ಸಲ್ಲಿಸಬೇಕು?

ಹಿರಿಯರು: ಮರ್ಯಾದೆ ಡಿಸ್ಕಿಗಲ್ಲ ಮಾರಾಯ, ಅದರ ಹಿಂದಿರುವ ಹಬ್‌ಗೆ. ಗ್ರೈಂಡರಿನ ಹಾಳೆಯು ಡಿಸ್ಕು ಎಲ್ಲಿ ಮುಗಿಯಿತು, ಹಬ್ ಎಲ್ಲಿ ಆರಂಭವಾಯಿತು ಎಂಬುದನ್ನು ಬಲ್ಲುದೆ? ಬಳೆಯ ಮೇಲೆ ಒಂದು ಗೀರು ಬಿದ್ದರೆ ಮುಂದಿನ ಡಿಸ್ಕು ಅದರ ಮೇಲೆ ಓರೆಯಾಗಿ ಕೂರುತ್ತದೆ. ಬೋಲ್ಟುಗಳು ಹಾಗೆಯೇ ಬಿಗುವಿನಲ್ಲಿರಲಿ. ಈಗ ಸ್ಟಡ್ಡುಗಳ ನಡುವೆ ಒಂದೇ ಒಂದು ಏಟು ಕೊಡುತ್ತೇನೆ. ನಿನ್ನ ಎರಡೂವರೆ ಟನ್ನು ದಬ್ಬುತ್ತಿರುವಾಗ ನನ್ನ ಏಟಿಗೆ ದೊಡ್ಡ ಕೆಲಸವೇನೂ ಉಳಿದಿರುವುದಿಲ್ಲ.

ಏಟು ಬಿದ್ದಿತು. ಪಿಸ್ತೂಲು ಹಾರಿಸಿದಂತಹ ಒಂದು ಸದ್ದಾಯಿತು. ಡಿಸ್ಕು ಹೊರಬರಲಿಲ್ಲವಾದರೂ, ಬಳೆಯ ಸುತ್ತಲಿನ ಸಂದಿಯಿಂದ ಕಾವಿಯ ಬಣ್ಣದ ಹುಡಿಯು ಸಣ್ಣ ಧಾರೆಯಾಗಿ ಉದುರಿ, ಎಣ್ಣೆಯು ಅದರ ಹಿಂದೆಯೇ ಒಳಕ್ಕೆ ಇಂಗಿತು. ಮುಂದಿನ ಏಟಿಗೆ ಸದ್ದು ಬೇರೆಯಾಗಿತ್ತು. ಯುವಕನು ಬೋಲ್ಟುಗಳನ್ನು ಮತ್ತೆ ಕಾಲು ಕಾಲು ಸುತ್ತು ತಿರುಗಿಸಿದೊಡನೆ ಡಿಸ್ಕು ಅವನ ಕೈಗೆ ಬಂದಿತು. ಯಾರ ಮಾರ್ಗದಿಂದ ಬಂದಿತೆಂಬ ಬಗ್ಗೆ ಅಲ್ಲಿ ಒಮ್ಮತವಾಗಲಿಲ್ಲ. ಆಗಬೇಕಾದ ಅವಶ್ಯಕತೆಯೂ ನನಗೆ ಕಾಣಲಿಲ್ಲ.

ಹಿರಿಯರು: ಇದು ಬರದಿದ್ದರೆ ಗ್ಯಾಸಿನ ಉರಿ ಹಿಡಿಯುತ್ತಿದ್ದೆ. ಡಿಸ್ಕನ್ನು ಮಾತ್ರ ಬೇಗ ಕಾಯಿಸಿದರೆ ಅದರ ರಂಧ್ರ ಹಿಗ್ಗುತ್ತದೆ.

ಯುವಕ: ಹಿಗ್ಗುತ್ತದೆ, ಎಷ್ಟು? ಅರವತ್ತು ಮಿಲಿಮೀಟರು ಅಗಲದ ರಂಧ್ರವು ನೂರೈವತ್ತು ಡಿಗ್ರಿ ಕಾದರೆ ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು.

ಹಿರಿಯರು: ಆ ಹತ್ತನೆಯ ಒಂದಂಶವೇ ಬೇಕಾಗಿರುವುದು. ಅದಕ್ಕಿಂತ ಹೆಚ್ಚಿನದನ್ನು ಯಾರು ಕೇಳಿದರು?

ಯುವಕ: ಆದರೆ ಆ ಶಾಖವು ಡಿಸ್ಕಿನಲ್ಲಿಯೇ ನಿಲ್ಲುವುದಿಲ್ಲವಲ್ಲ. ಅದು ಹಬ್‌ಗೆ ಹರಿದರೆ ಬೇರಿಂಗಿನ ಸೀಲು ಸುಡುತ್ತದೆ, ಗ್ರೀಸು ಕರಗಿ ಇಳಿಯುತ್ತದೆ. ಇನ್ನೂ ಭಯಂಕರವಾದುದು ಬೇರೊಂದಿದೆ: ಕೆಲವು ಬ್ರೇಕ್ ಕ್ಲೀನರ್ ಡಬ್ಬಿಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕವಿರುತ್ತದೆ. ಅದನ್ನು ಸಿಂಪಡಿಸಿ ಒಣಗುವ ಮುಂಚೆ ಉರಿ ಹಿಡಿದರೆ ಫಾಸ್ಜೀನ್ ಎಂಬ ಅನಿಲ ಹುಟ್ಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಪ್ರಯೋಗಿಸಿದ ವಿಷ ಅದು. ಗಾಳಿಯಾಡದ ಗ್ಯಾರೇಜಿನಲ್ಲಿ ನಾನಂತೂ ಉರಿಯನ್ನು ಒಪ್ಪೆನು.

ಹಿರಿಯರು: ಕ್ಲೀನರಿನ ಮಾತು ನನಗೆ ತಿಳಿದಿರಲಿಲ್ಲ, ನಾವು ತೊಳೆಯುತ್ತಿದ್ದುದು ಸೋಪುನೀರಿನಿಂದ. ಅದನ್ನು ಹುಡುಗರಿಗೆಲ್ಲ ಹೇಳಿಬಿಡು. ಬೇರಿಂಗನ್ನು ಬದಲಿಸುವುದಾದರೆ ಮಾತ್ರ ಉರಿ, ಉಳಿಸುವುದಾದರೆ ಬೇಡ ಎಂಬಷ್ಟನ್ನು ನಾನೂ ಪಾಲಿಸುತ್ತ ಬಂದಿದ್ದೇನೆ.

ಹಬ್‌ನ ಕಡೆಗೆ ತಿರುಗಿದಾಗ ಅವರ ಪಕ್ಷಗಳು ಆಶ್ಚರ್ಯಕರವಾಗಿ ಅದಲುಬದಲಾದವು. ಡ್ರೈವ್ ಶಾಫ್ಟಿನ ದೊಡ್ಡ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಕ್ಕೆ ಮಡಚಿದ್ದರು. ಆ ಮಡಿಕೆಯನ್ನು ಎಬ್ಬಿಸಿ ನಟ್ಟನ್ನು ಬಿಚ್ಚಿದ ಮೇಲೆ, ಶಾಫ್ಟಿನ ಹಲ್ಲುಗಳು ಹಬ್‌ನೊಳಗೆ ಹಿಡಿದಿರುವುದು ಕಂಡಿತು. ಯುವಕನು ಶಾಫ್ಟಿನ ತುದಿಗೆ ಸುತ್ತಿಗೆಯೆತ್ತಿದನು.

ಹಿರಿಯರು: ನಿಲ್ಲು. ನಟ್ಟನ್ನು ಶಾಫ್ಟಿನ ತುದಿಯ ಮಟ್ಟಕ್ಕೆ ಬರುವಂತೆ ಮತ್ತೆ ಹಾಕು. ಮೇಲೆ ಹಿತ್ತಾಳೆಯ ತುಂಡನ್ನಿಟ್ಟು ಹೊಡೆ. ಬರೀ ತುದಿಗೆ ಹೊಡೆದರೆ ಅದು ಅಣಬೆಯಂತೆ ಅರಳಿ, ಹೊಸ ನಟ್ಟು ಹತ್ತುವುದಿಲ್ಲ. ಅಷ್ಟಕ್ಕೇ ಒಂದು ಶಾಫ್ಟಿನ ಬೆಲೆಯಾಗುತ್ತದೆ.

ಯುವಕ: ಶಾಫ್ಟಿನ ವಿಷಯ ಒಪ್ಪಿದೆ. ಆದರೆ ಹಬ್ಬನ್ನು ನೀವೇಕೆ ಇಷ್ಟು ಮೆಲ್ಲಗೆ ಎಳೆಯುತ್ತೀರಿ? ಈ ಬಗೆಯ ಕಾರಿನಲ್ಲಿ ಹಬ್ ಬೇರಿಂಗಿನೊಳಕ್ಕೆ ಒತ್ತಿ ಕೂರಿಸಿದ್ದು. ಅದನ್ನು ಎಳೆದಾಗ ಬೇರಿಂಗಿನ ಒಳಬಳೆಯು ಹಬ್‌ನ ಜೊತೆಯಲ್ಲಿಯೇ ಬಂದು ಬೇರಿಂಗು ಮುರಿದಂತೆಯೇ. ಇಲ್ಲಿ ಉಳಿಸುವುದಕ್ಕೆ ಏನೂ ಇಲ್ಲವಾದುದರಿಂದ ಸ್ಲೈಡ್ ಹ್ಯಾಮರಿನಿಂದ ಜೋರಾಗಿ ಎಳೆಯುವುದೇ ಯುಕ್ತ.

ಹಿರಿಯರು: ಕ್ವಾಲಿಸ್‌ನಂತಹ ಗಾಡಿಗಳಲ್ಲಿ ಕೆಲಸ ಮಾಡಿದ ಕೈ ನನ್ನದು. ಅವುಗಳಲ್ಲಿ ಟೇಪರ್ ಬೇರಿಂಗು. ನಟ್ಟು ಬಿಚ್ಚಿದರೆ ಹಬ್ಬೂ ಡಿಸ್ಕೂ ಒಟ್ಟಿಗೇ ಹೊರಬರುತ್ತಿದ್ದವು, ಬೇರಿಂಗನ್ನು ತೊಳೆದು ಹೊಸ ಗ್ರೀಸು ತುಂಬಿ ಮತ್ತೆ ಹಾಕುತ್ತಿದ್ದೆವು. ಆ ಅಭ್ಯಾಸ ಇಲ್ಲಿ ಸಲ್ಲದೆಂಬುದನ್ನು ಒಪ್ಪುತ್ತೇನೆ. ಎಳೆ, ಜೋರಾಗಿಯೇ ಎಳೆ. ಆದರೆ ಹೊಸ ಬೇರಿಂಗನ್ನು ಕೂರಿಸುವಾಗ ಮಾತ್ರ ಸುತ್ತಿಗೆ ಮುಟ್ಟಬೇಡ. ಬೇರಿಂಗು ಕೂರುವ ನಕಲ್ಲನ್ನು ಪ್ರೆಸ್ಸಿಗೆ ಒಯ್ಯಬೇಕು. ಹೊರಬಳೆಯನ್ನು ಹೊರಬಳೆಯಿಂದಲೇ ಒತ್ತಬೇಕು, ಒಳಬಳೆಗೆ ಒಳಗಿನಿಂದಲೇ ಆಧಾರ ಕೊಡಬೇಕು. ನಡುವಿನ ಗುಂಡುಗಳ ಮೂಲಕ ಒತ್ತಡ ಹಾಯಬಾರದು. ಹಾಯ್ದರೆ ನಿನ್ನ ಬ್ರಿನೆಲ್ ಸಾಹೇಬನು ಅಲ್ಲಿಯೂ ಬಂದು ಕೂರುತ್ತಾನೆ.

ಹಬ್ ಹೊರಬಂದಿತು, ಅದರ ಬಗ್ಗೆ ಹೆಚ್ಚು ಹೇಳತಕ್ಕದ್ದಿಲ್ಲ. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಆಮೇಲೆ ನಡೆದ ಮಾತು. ಈ ಇಬ್ಬರ ನಿಜವಾದ ಭಿನ್ನಾಭಿಪ್ರಾಯವಿದ್ದುದು ಸುತ್ತಿಗೆಯಲ್ಲಲ್ಲ, ಕಾಲದ ಬೆಲೆಯಲ್ಲಿ ಎಂದು ನನಗೆ ತೋರುತ್ತದೆ.

ಯುವಕ: ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ದು ನೋಂದಣಿಯನ್ನು ನವೀಕರಿಸಬೇಕು. ಈ ಕಾರು ಎರಡು ಸಲ ಅದನ್ನು ದಾಟಿ ಬಂದಿದೆ. ಇಂತಹ ಗಾಡಿಯ ಒಂದು ಚಕ್ರಕ್ಕೆ ಅರ್ಧ ದಿನ ಹಿಡಿದರೆ, ಆ ಅರ್ಧ ದಿನದ ಹಣವನ್ನು ಗಿರಾಕಿಯಿಂದ ಕೇಳಲು ನಿಮಗೇ ಸಂಕೋಚ. ನೀವು ಕೇಳುವುದಿಲ್ಲ, ಹುಡುಗರಿಗೆ ಸಂಬಳ ಮಾತ್ರ ನಿಲ್ಲುವುದಿಲ್ಲ. ತಾಳ್ಮೆಯೆಂದು ನೀವು ಕರೆಯುವುದಕ್ಕೆ ಯಾರೋ ಒಬ್ಬರು ಬೆಲೆ ತೆರುತ್ತಿದ್ದಾರೆ. ಅವರು ಯಾರೆಂಬುದನ್ನಾದರೂ ನಾವು ತಿಳಿದಿರಬೇಕಲ್ಲವೆ?

ಹಿರಿಯರು: ಸರಿಯಾದ ಪ್ರಶ್ನೆ. ಆದರೆ ಅವಸರಕ್ಕೂ ಬೆಲೆಯಿದೆ, ಅದು ಬಿಲ್ಲಿನಲ್ಲಿ ಬೇರೆ ಹೆಸರಿನಿಂದ ಬರುತ್ತದೆ. ಡಿಸ್ಕನ್ನು ಅವಸರದಿಂದ ಕೀಳಹೋಗಿ ಹಬ್ ಕೆಟ್ಟರೆ ಹಬ್‌ನ ಹಣ, ಶಾಫ್ಟು ಕೆಟ್ಟರೆ ಶಾಫ್ಟಿನ ಹಣ. ಅದನ್ನು ಗಿರಾಕಿಯಿಂದ ಕೇಳುವುದಕ್ಕೆ ಯಾರಿಗೂ ಸಂಕೋಚವಿಲ್ಲ, ಯಾಕೆಂದರೆ ಕೈಯಲ್ಲಿ ತೋರಿಸುವುದಕ್ಕೆ ಒಂದು ಹಳೆಯ ಪಾರ್ಟ್ ಇರುತ್ತದೆ. ಅರ್ಧ ದಿನದ ಎಚ್ಚರಿಕೆಯನ್ನು ಕೈಯಲ್ಲಿ ಹಿಡಿದು ತೋರಿಸಲಾಗುವುದಿಲ್ಲ.

ಯುವಕ: ಹಾಗಾದರೆ ಮೊದಲೇ ಹೇಳಿ ಕೇಳಬೇಕು. ಇಷ್ಟು ಹೊತ್ತಿನವರೆಗೆ ಬಿಡಿಸಲು ನೋಡುತ್ತೇವೆ, ಅಲ್ಲಿಂದ ಮುಂದೆ ಕತ್ತರಿಸುತ್ತೇವೆ, ಎರಡಕ್ಕೂ ಖರ್ಚು ಇಂತಿಷ್ಟು ಎಂದು. ಇನ್ನೊಂದು ಮಾತು ಮಾವ. ಉಳಿಸುವ ಪ್ರೀತಿಯಲ್ಲಿ ಉಳಿಸಬಾರದ್ದನ್ನೂ ಉಳಿಸುವವರಿದ್ದಾರೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅಚ್ಚೊತ್ತಿರುತ್ತದೆ. ಅದಕ್ಕಿಂತ ತೆಳುವಾದುದನ್ನು ಲೇತಿಗೆ ಕೊಟ್ಟು ಮುಖ ನುಣುಪು ಮಾಡಿಸಿ ಹಾಕಿದರೆ, ಘಟ್ಟ ಇಳಿಯುವಾಗ ಅದು ಶಾಖವನ್ನು ತಾಳುವುದಿಲ್ಲ.

ಹಿರಿಯರು: ಅದರಲ್ಲಿ ನನ್ನ ಎರಡು ಮಾತಿಲ್ಲ. ಆಗುಂಬೆ ಇಳಿದು ಬರುವವನ ಬ್ರೇಕಿನಲ್ಲಿ ಮಿತವ್ಯಯ ಮಾಡಕೂಡದು. ಡಿಸ್ಕು ಹೊಸದೇ ಬರಲಿ, ಎರಡೂ ಬದಿಗೆ ಬರಲಿ.

ಬೇರಿಂಗಿನ ಕೆಲಸ ಮುಗಿದು ಹೊಸ ಡಿಸ್ಕನ್ನು ಕೂರಿಸುವ ಮುನ್ನ ಹಬ್‌ನ ಮುಖವನ್ನು ವೈರ್ ಬ್ರಶ್ಶಿನಿಂದಲೂ ಎಮರಿಯಿಂದಲೂ ಲೋಹದ ಬಣ್ಣ ಬರುವ ಪರ್ಯಂತ ಉಜ್ಜಿದರು. ಬೋಲ್ಟುಗಳ ತುದಿ ಒತ್ತಿದ ಎರಡು ಕಡೆಗಳಲ್ಲಿ ಎದ್ದಿದ್ದ ಸಣ್ಣ ಉಬ್ಬುಗಳನ್ನು ಯುವಕನು ಅರದಿಂದ ಸಮಮಾಡಿದನು. ಹಬ್‌ನ ಮುಖದಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕಿನ ಹೊರ ಅಂಚಿನಲ್ಲಿ ಅದರ ಓಲಾಟವು ಇಮ್ಮಡಿಯಾಗಿ, ಬ್ರೇಕು ಒತ್ತಿದಾಗ ಸ್ಟೀರಿಂಗು ನಡುಗುತ್ತದೆಂಬುದನ್ನು ಅವನು ಬಲ್ಲನು. ಆಗ ಹಿರಿಯರು ತಾಮ್ರದ ಹುಡಿ ಬೆರೆಸಿದ ಗ್ರೀಸಿನ ಡಬ್ಬಿಯನ್ನು ತೆರೆದರು.

ಯುವಕ: ಮುಖಕ್ಕೆ ಹಚ್ಚಬೇಡಿ. ಒಣಗಿದ, ಶುಭ್ರವಾದ ಮುಖಕ್ಕೆ ಮುಖ ಕೂತರೆ ಮಾತ್ರ ಡಿಸ್ಕು ನೆಟ್ಟಗೆ ನಿಲ್ಲುತ್ತದೆ. ಗ್ರೀಸು ಕಾದು ಹರಿದು ಪ್ಯಾಡಿಗೆ ತಾಗಿದರೆ ಬ್ರೇಕೇ ಇಲ್ಲ. ಸ್ಟಡ್ಡಿನ ಮರೆಗೆ ತಾಗಿದರೆ, ನಟ್ಟನ್ನು ಎಂದಿನಷ್ಟೇ ಬಲದಿಂದ ತಿರುಗಿಸಿದರೂ ಅದು ಮಿತಿಮೀರಿ ಬಿಗಿದು ಸ್ಟಡ್ಡನ್ನು ಎಳೆಯುತ್ತದೆ.

ಹಿರಿಯರು: ಆ ನಿಯಮವನ್ನು ಬರೆದವರು ಮೀನಿನ ಲಾರಿಯ ಹಿಂದೆ ಕಾರು ಓಡಿಸಿದವರಲ್ಲ. ಈಗ ಹಚ್ಚದಿದ್ದರೆ ಮುಂದಿನ ಸಲ ಇದನ್ನು ಬಿಡಿಸುವವನ ಗತಿಯೇನು?

ಯುವಕ: ನಡುವಿನ ಬಳೆಗೆ ಹಚ್ಚಿ, ಬೆರಳಿನಿಂದ ಒರೆಸಿ ತೆಗೆದ ಮೇಲೆ ಉಳಿಯುವಷ್ಟು. ಕಚ್ಚಿಕೊಂಡದ್ದು ಅಲ್ಲಿಯೇ.

ಹಿರಿಯರು: ಮುಖವೂ ಕಚ್ಚುತ್ತದೆ. ಬಳೆಗೆ ಹಚ್ಚುತ್ತೇನೆ, ಮುಖಕ್ಕೂ ತೆಳುವಾಗಿ ಸವರುವವನೇ. ಇದು ನನ್ನ ಗ್ಯಾರೇಜು.

ಯುವಕ: ಬಲಗಡೆ ನಿಮ್ಮಿಚ್ಛೆಯಂತೆ ಆಗಲಿ. ಎಡಗಡೆ ನನಗೆ ಬಿಡಿ. ಮುಖವನ್ನು ಒಣಗಿಸಿಯೇ ಕೂರಿಸುತ್ತೇನೆ. ಮುಂದಿನ ಸಲ ಪ್ಯಾಡು ಬದಲಿಸಲು ಬಂದಾಗ ಎರಡನ್ನೂ ಬಿಚ್ಚಿ ನೋಡೋಣ.

ಹಿರಿಯರು: ಆಗಲಿ. ಎಡಗಡೆಯ ಬೇರಿಂಗು ಮಾತ್ರ ಉಳಿಯಬೇಕು, ಅದು ಷರತ್ತು. ಈಗ ಎಣ್ಣೆ ಬಿಟ್ಟು, ಬೋಲ್ಟು ಬಿಗಿದು, ಬೆಳಗಿನವರೆಗೆ ಹಾಗೆಯೇ ಇಡು. ನೀನು ಹೇಳಿದಂತೆ ಗಿರಾಕಿಗೂ ಈಗಲೇ ಫೋನು ಮಾಡಿ ವಿಷಯ ತಿಳಿಸಿಬಿಡು. ಬೆಳಗ್ಗೆಯೂ ಅಲುಗದಿದ್ದರೆ ಗ್ರೈಂಡರು ಹಿಡಿ, ನಾನು ಅಡ್ಡಿ ಬರುವುದಿಲ್ಲ.

ಯುವಕ: ಹಿಡಿಯುತ್ತೇನೆ. ಹಾಳೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನೀವು ಪಕ್ಕದಲ್ಲಿ ನಿಂತು ತೋರಿಸಬೇಕು.